ಇಸಿಜಿಯೊಳಗ 50 ಹರ್ಟ್ಜ್ ಹಮ್ ಹೋಗವಲ್ದು, ನಾಡಿ 72 ಇದ್ರ ಸ್ಕ್ರೀನಿನ ಮ್ಯಾಲ 94 (ಎಡಿ8232 + ಉನೊ) [ಬಗೆಹರಿದಿದೆ]

ಕೋಟೆಬಾಗಿಲು, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. ನಂದು ಬಿ.ಇ. ಕೊನೆ ವರ್ಷ, ಇಲೆಕ್ಟ್ರಾನಿಕ್ಸ್. ಪ್ರಾಜೆಕ್ಟಿಗೆ ಇಸಿಜಿ, ಅಂದ್ರ ಹೃದಯದ ವಿದ್ಯುತ್ ಸಿಗ್ನಲಿನ ಗೆರಿ, ತಗೊಂಡೀನಿ. ಆ ಸಿಗ್ನಲ್ ಹಿಗ್ಗಿಸೋ ಎಡಿ8232 ಮಾಡ್ಯೂಲು, ಅದನ್ನ ಓದಿ ಅಂಕಿ ಮಾಡೋ ಆರ್ಡುಯಿನೊ ಉನೊ ಬೋರ್ಡು, ಯುಎಸ್‌ಬಿ ಕೇಬಲಿನಿಂದ ಲ್ಯಾಪ್‌ಟಾಪಿಗೆ ಡೇಟಾ. ಅಲ್ಲಿ ಪೈಥಾನ್‌ನ್ಯಾಗ ಒಂದೇ ಆವರ್ತನ ಕಡಿಯೋ ನಾಚ್ ಫಿಲ್ಟರ್ ಹಾಕಿ, ಆಮ್ಯಾಲ ಪ್ಯಾನ್-ಟಾಂಪ್ಕಿನ್ಸ್ ವಿಧಾನದಿಂದ ಆರ್ ಶಿಖರ (ಪ್ರತಿ ಬಡಿತದ ಎತ್ತರದ ಮೊನೆ) ಹುಡುಕಿ ನಾಡಿಬಡಿತ ತೋರಸಬೇಕು.

ಹತ್ತು ದಿನ ಆತು, ಎರಡು ತೊಂದರಿ ಹಾಂಗೇ ಅವ.

ಒಂದು: ಮನಿ ಕರೆಂಟಿನಿಂದ ಸಿಗ್ನಲಿಗೆ ಸೇರೋ ಗದ್ದಲಕ್ಕ (ಹಮ್) 50 ಹರ್ಟ್ಜ್ ನಾಚ್ ಹಾಕಿದ್ರೂ ಗೆರಿ ದಪ್ಪ ಕಾಣಸ್ತದ. ಆರ್ ಶಿಖರಕ್ಕಿಂತ ಮೊದಲು ಬರೋ ಸಣ್ಣ ಪಿ ಅಲೆ ಅಂತೂ ಹಮ್‌ನೊಳಗ ಮುಳುಗೇ ಹೋಗ್ಯದ. ಎರಡು: ಮಣಿಕಟ್ಟು ಹಿಡಿದು ಎಣಿಸಿದ್ರ ನನ್ನ ನಾಡಿ 72, ಸ್ಕ್ರೀನಿನ ಮ್ಯಾಲ 93, 94. ಗೆಳೆಯಂದು ನೋಡಿದ್ರೂ ಹಾಂಗೇ, ಹೆಚ್ಚೇ ಬರ್ತದ. ಹಮ್ ಸಣ್ಣ ಶಿಖರಗಳನ್ನ ಆರ್ ಅಂತ ಎಣಸಾಕತ್ತದ ಅಂತ ನನ್ನ ಅನುಮಾನ. ಆದ್ರ ಗುರುತು ಹಾಕಿ ನೋಡಿದ್ರ ಪ್ರತಿ ಆರ್‌ಗೂ ಒಂದೇ ಚುಕ್ಕಿ, ಹೆಚ್ಚಿಗಿ ಒಂದೂ ಇಲ್ಲ.

ಕೋಡ್ ಸರಳ ಅದ: ಅನಲಾಗ್ ರೀಡ್, ಸೀರಿಯಲ್ ಪ್ರಿಂಟ್, ಡಿಲೇ 4 (ನಾಕು ಮಿಲಿಸೆಕೆಂಡು ಕಾಯೋದು). ಅಂದ್ರ ಸೆಕೆಂಡಿಗೆ 250 ಸ್ಯಾಂಪಲ್ (ಓದಿದ ಅಂಕಿ). ಬಾಡ್ ರೇಟ್, ಅಂದ್ರ ಸೆಕೆಂಡಿಗೆ ಕಳಿಸೋ ಬಿಟ್, 9600. ಮುಂದಿನ ಸೋಮವಾರ ಗೈಡ್ ಮುಂದ ತೋರಸಬೇಕು, ಯಾರಾದ್ರೂ ದಾರಿ ಹೇಳ್ರಿ.

ತಾಮ್ರದತಂತಿ, ಯಾದಗಿರಿ

ತಮ್ಮಾ, ಈ ಮಾಡ್ಯೂಲಿನ ನಕಲು ಭಾಳ ಬರ್ತಾವ. ನಾನೂ ಒಂದು ತಂದು ಒಗದೀನಿ. ಬ್ಯಾರೆ ಮಾಡ್ಯೂಲ್ ಹಾಕಿ ನೋಡು. ಅಲ್ಲೀತನಕ ಮೂರೂ ಎಲೆಕ್ಟ್ರೋಡ್ (ಮೈಗೆ ಅಂಟಿಸೋ ಬಿಲ್ಲೆ) ವೈರು ಒಂದಕ್ಕೊಂದು ಹೆಣೆದು ಇಡು, ಹಮ್ ಸ್ವಲ್ಪ ಇಳೀತದ.

ಕೋಟೆಬಾಗಿಲು, ಕಲಬುರಗಿ

ಎರಡನೇ ಮಾಡ್ಯೂಲೂ ತಂದೀನ್ರಿ ಅಣ್ಣಾ. ಅದರಾಗೂ ಅದೇ 94. ವೈರು ಹೆಣೆದ ಮ್ಯಾಲ ಹಮ್ ಚೂರು ಇಳಿದದ್ದು ಖರೇ.

ಅಲೆಗಣಿತ, ಕಲಬುರಗಿ

ಇನ್ನೊಂದು ಮಾಡ್ಯೂಲಿಗೆ ರೊಕ್ಕ ಹಾಕಬೇಡ. ಎರಡು ಮಾಡ್ಯೂಲೂ ಅದೇ 94 ತೋರಿಸುತ್ತಿದ್ದರೆ ತಪ್ಪು ಅವುಗಳ ಹೊರಗೆ ಇದೆ. ಮೂರು ಕೆಲಸ ಮಾಡಿ ಉತ್ತರ ಬರಿ.

ಮೊದಲನೆಯದು, ಫಿಲ್ಟರ್ ಹಾಕದ ಕಚ್ಚಾ ಡೇಟಾದ ಎಫ್‌ಎಫ್‌ಟಿ (ಯಾವ ಆವರ್ತನ ಎಷ್ಟಿದೆ ಅಂತ ತೋರಿಸುವ ಲೆಕ್ಕ) ತೆಗೆ. ಹಮ್‌ನ ಶಿಖರ ಎಷ್ಟು ಹರ್ಟ್ಜ್‌ನಲ್ಲಿ ನಿಂತಿದೆ, ಕಣ್ಣಿಂದ ನೋಡಿ ಹೇಳು. "50 ಇರಬೇಕು" ಅಂತ ಊಹಿಸಿ ಬರೀಬೇಡ.

ಎರಡನೆಯದು, ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು ಸರಿಯಾಗಿ ಒಂದು ನಿಮಿಷ ಡೇಟಾ ಫೈಲಿಗೆ ಬರಸು. ಆ ಫೈಲಿನಲ್ಲಿ ಎಷ್ಟು ಸಾಲು ಇವೆ ಎಣಿಸು.

ಮೂರನೆಯದು, ನಿನ್ನ ಪೈಥಾನ್ ಕೋಡಿಗೆ ಎಂಐಟಿ-ಬಿಐಎಚ್ ಇಸಿಜಿ ಸಂಗ್ರಹದ 100ನೇ ದಾಖಲೆ ಉಣಿಸಿ ನೋಡು. ಬಾಸ್ಟನ್‌ನ ಆಸ್ಪತ್ರೆಯೊಂದರಲ್ಲಿ 1975ರಿಂದ 1979ರ ನಡುವೆ ತೆಗೆದ ದಾಖಲೆಗಳು ಅವು. ತಲಾ ಅರ್ಧ ತಾಸಿನ 48 ದಾಖಲೆ, ಪ್ರತಿ ಬಡಿತಕ್ಕೂ ತಜ್ಞರು ಕೈಯಾರೆ ಗುರುತು ಹಾಕಿದ್ದಾರೆ. ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. 100ನೇ ದಾಖಲೆಯಲ್ಲಿ 2273 ಬಡಿತ ಇವೆ. ಸ್ಯಾಂಪ್ಲಿಂಗ್ 360 ಅಂತ ಕೊಡುವುದು ಮರೀಬೇಡ. ನಿನ್ನ ಕೋಡ್ ಅಷ್ಟೇ ಎಣಿಸಿದರೆ ಪೈಥಾನ್ ಭಾಗದ ಮೇಲಿನ ಅನುಮಾನ ಇವತ್ತೇ ಮುಗಿಯುತ್ತೆ.

ಇನ್ನೊಂದು ಮಾತು, ಇದು ಎಲ್ಲ ಹುಡುಗರಿಗೂ ಬೇಕಾದದ್ದು. ಅಮೆರಿಕದ ಮೇನ್ಸ್ (ಮನೆಗೆ ಬರುವ ಕರೆಂಟ್) 60 ಹರ್ಟ್ಜ್, ನಮ್ಮದು 50. ಅಲ್ಲಿಯವರ ಕೋಡ್ ತಂದು ಅಂಟಿಸುವಾಗ ನಾಚ್ 60ರಲ್ಲೇ ಉಳಿದುಬಿಡುವುದನ್ನು ವರ್ಷಕ್ಕೆ ನಾಲ್ಕು ಪ್ರಾಜೆಕ್ಟಿನಲ್ಲಾದರೂ ನೋಡುತ್ತೇನೆ.

ಕೋಟೆಬಾಗಿಲು, ಕಲಬುರಗಿ

ಸರ್, ಮೂರೂ ಮಾಡೀನ್ರಿ.

ನಾಚ್ ನಂದು 50ಕ್ಕೇ ಅದ, ಮತ್ತೊಮ್ಮೆ ತೆಗೆದು ನೋಡಿದೆ. 100ನೇ ದಾಖಲೆಯೊಳಗ 2272 ಸಿಕ್ತು. ಬಿಟ್ಟುಹೋದ ಒಂದು ಬಡಿತ ಫೈಲಿನ ಮೊಟ್ಟಮೊದಲಿಂದು, ಫಿಲ್ಟರ್ ಇನ್ನೂ ನೆಲೆ ನಿಂತಿರಂಗಿಲ್ಲ ಅಲ್ಲಿ.

ಎಫ್‌ಎಫ್‌ಟಿ ನೋಡಿ ನನಗ ಗಾಬರಿ ಆತು. ಶಿಖರ 50ರ ಮ್ಯಾಲ ಇಲ್ರಿ, 65ರ ಮ್ಯಾಲ ನಿಂತದ. 65 ಹರ್ಟ್ಜ್ ಎಲ್ಲಿಂದ ಬಂತು ತಿಳೀವಲ್ದು. ಫ್ಯಾನ್ ಬಂದ್ ಮಾಡಿದೆ, ಟ್ಯೂಬ್‌ಲೈಟ್ ಬಂದ್ ಮಾಡಿದೆ, 65 ಅಲ್ಲೇ ಅದ.

ಒಂದು ನಿಮಿಷದ ಫೈಲಿನೊಳಗ 11,534 ಸಾಲು.

ಅಲೆಗಣಿತ, ಕಲಬುರಗಿ

ಈಗ ಆ ಮೂರು ಅಂಕಿ ಒಂದರ ಪಕ್ಕ ಒಂದು ಬರಿ. 94 ಭಾಗಿಸು 72. 65 ಭಾಗಿಸು 50. 15,000 (250ರಂತೆ ಒಂದು ನಿಮಿಷಕ್ಕೆ ಬರಬೇಕಾದ ಸಾಲು) ಭಾಗಿಸು 11,534. ಮೂರಕ್ಕೂ ಉತ್ತರ 1.3. ನಿನ್ನವು ಎರಡು ತೊಂದರೆ ಅಲ್ಲ, ಒಂದೇ.

ಸೆಕೆಂಡಿಗೆ 250 ಸ್ಯಾಂಪಲ್ ಬರುತ್ತಿವೆ ಅಂತ ನೀನು ನಂಬಿದ್ದಿ. ಬರುತ್ತಿರುವುದು 192. ಯಾಕೆ ಅಂತ ಲೆಕ್ಕ ಹಾಕೋಣ. ಎಡಿ8232 ತನ್ನ ಗೆರೆಯನ್ನು ಸುಮಾರು 1.65 ವೋಲ್ಟ್‌ಗೆ ಇಡುತ್ತೆ, ಉನೊ ಅದನ್ನು 5 ವೋಲ್ಟ್‌ಗೆ ಹೋಲಿಸಿ ಓದುತ್ತೆ. ಹಾಗಾಗಿ ನಿನ್ನ ಅಂಕಿಗಳೆಲ್ಲ 338ರ ಆಸುಪಾಸು, ಆರ್ ಬಂದಾಗ 560 ಅಂದುಕೋ. ಯಾವಾಗಲೂ ಮೂರೇ ಅಂಕಿ. ಅದರ ಹಿಂದೆ ಸಾಲು ಮುರಿಯಲು ಎರಡು ಅಕ್ಷರ. ಒಟ್ಟು ಐದು ಬೈಟ್. ಸೀರಿಯಲ್‌ನಲ್ಲಿ ಪ್ರತಿ ಬೈಟಿಗೆ ಮುಂದೊಂದು ಹಿಂದೊಂದು ಬಿಟ್ ಸೇರಿ 10 ಬಿಟ್. ಅಲ್ಲಿಗೆ ಒಂದು ಸ್ಯಾಂಪಲ್ಲಿಗೆ 50 ಬಿಟ್. 9600 ಭಾಗಿಸು 50, 192. ಸೆಕೆಂಡಿಗೆ ಅದಕ್ಕಿಂತ ಒಂದು ಸ್ಯಾಂಪಲ್ಲೂ ಆ ತಂತಿಯಲ್ಲಿ ಹೆಚ್ಚಿಗೆ ಹೋಗುವುದಿಲ್ಲ.

ಉನೊ ಇದನ್ನು ನಿನಗೆ ಹೇಳುವುದಿಲ್ಲ. ಅದರ ಹತ್ತಿರ 64 ಬೈಟಿನ ಸಣ್ಣ ಬಫರ್ ಇದೆ. ಅದು ತುಂಬಲು ಕಾಲು ಸೆಕೆಂಡು ಸಾಕು. ತುಂಬಿದ ಮೇಲೆ ಪ್ರಿಂಟ್ ಆಜ್ಞೆ ಜಾಗ ಆಗುವ ತನಕ ಸುಮ್ಮನೆ ಕಾಯುತ್ತೆ. ಎರರ್ ಇಲ್ಲ, ಸಂದೇಶ ಇಲ್ಲ. ಗೆರೆಯೂ ಚೆಂದವೇ ಬರುತ್ತೆ, ಕಾಲ ಮಾತ್ರ ಕುಗ್ಗಿರುತ್ತೆ. ನಿಜವಾದ ಒಂದು ಸೆಕೆಂಡನ್ನು ನಿನ್ನ ಪೈಥಾನ್ 0.77 ಸೆಕೆಂಡು ಅಂತ ಓದುತ್ತೆ, ಆದ್ದರಿಂದ ನಾಡಿ ಓಡಿದಂತೆ ಕಾಣುತ್ತೆ.

ಹಮ್ ಯಾಕೆ ಹೋಗಲಿಲ್ಲ ಅನ್ನುವುದೂ ಇದರಲ್ಲೇ ಇದೆ. ಫಿಲ್ಟರಿಗೆ ಹರ್ಟ್ಜ್ ಗೊತ್ತಿಲ್ಲ, ಸ್ಯಾಂಪ್ಲಿಂಗಿನ ಎಷ್ಟನೇ ಪಾಲು ಅನ್ನುವುದಷ್ಟೇ ಗೊತ್ತು. 250ಕ್ಕೆ 50 ಅಂದರೆ ಐದನೇ ಒಂದು ಪಾಲು. 192ರ ಐದನೇ ಒಂದು ಪಾಲು 38.4. ನಿನ್ನ ನಾಚ್ ಹತ್ತು ದಿನದಿಂದ 38.4 ಹರ್ಟ್ಜ್‌ನಲ್ಲಿ ಇಸಿಜಿಯನ್ನೇ ಕೊರೆಯುತ್ತಾ ಕೂತಿದೆ, ಹಮ್ ಪಕ್ಕದಲ್ಲೇ ಹಾಯಾಗಿ ಹಾದುಹೋಗುತ್ತಿದೆ.

ಪರಿಹಾರ: ಬಾಡ್ ರೇಟ್ 115200 ಮಾಡು, ಆಗ ಒಂದು ಸ್ಯಾಂಪಲ್ ಕಳಿಸಲು ಅರ್ಧ ಮಿಲಿಸೆಕೆಂಡೂ ಬೇಡ. ಡಿಲೇ ತೆಗೆದುಹಾಕು. ಡಿಲೇ 4 ಅಂದರೆ ಓದುವ ಹೊತ್ತು, ಕಳಿಸುವ ಹೊತ್ತು ಎಲ್ಲದರ ಮೇಲೆ ಇನ್ನೂ 4. ಬದಲಿಗೆ ಮೈಕ್ರೋಸ್ ಫಂಕ್ಷನ್ (ಮೈಕ್ರೋಸೆಕೆಂಡಿನ ಗಡಿಯಾರ) ನೋಡಿಕೊಂಡು, ಹಿಂದಿನ ಗುರುತಿಗೆ 4000 ಕೂಡಿಸುತ್ತಾ ಹೋಗು. ಆಮೇಲೆ ಮತ್ತೆ ಒಂದು ನಿಮಿಷದ ಸಾಲು ಎಣಿಸಿ ಇಲ್ಲಿ ಬರಿ.

ಕೋಟೆಬಾಗಿಲು, ಕಲಬುರಗಿ

ಸರ್ 15,003 ಸಾಲು. ಎಫ್‌ಎಫ್‌ಟಿ ಶಿಖರ 50ರ ಮ್ಯಾಲ ನೆಟ್ಟಗ ನಿಂತದ. ನಾಡಿ ಕೈಯಾಗ 71, ಸ್ಕ್ರೀನಿನ ಮ್ಯಾಲ 71. ಪಿ ಅಲೆ ಮೊದಲ ಸಲ ಕಂಡೆ. ಅಷ್ಟೊತ್ತಿನಾಗ ಅವ್ವನ್ನ ಎಬ್ಬಿಸಿ ತೋರಿಸೀನಿ.

ಆದ್ರ ಇನ್ನೊಂದು ಉಳದದ. ಮುಂಜಾನೆ ಚಲೋ ಇರ್ತದ, ಮಧ್ಯಾಹ್ನ ಗೆರಿ ಮ್ಯಾಲ ಕೆಳಗ ತೂಗಾಡ್ತದ. ಕರೆಂಟ್ ಹೋಗಿ ಇನ್ವರ್ಟರ್ ಬಂತಂದ್ರ ಹಮ್ ತಿರುಗಿ ಬರ್ತದ. ನಾಚ್ ಅದೇ ಅದ, ಸ್ಯಾಂಪ್ಲಿಂಗ್ ಅದೇ ಅದ.

ಮಾಂಜ್ರಾದಂಡಿ, ಬೀದರ್

ನಾನು ಆಸ್ಪತ್ರೆಯೊಂದರಲ್ಲಿ ಯಂತ್ರಗಳ ರಿಪೇರಿ ನೋಡ್ತೀನಿ. ತಮ್ಮಾ, ಈಗ ಲ್ಯಾಪ್‌ಟಾಪ್ ಬಿಟ್ಟು ಚರ್ಮದ ಕಡೆ ಬಾ.

ಎಲೆಕ್ಟ್ರೋಡ್ ಪಾಕೀಟು ಯಾವಾಗ ಒಡೆದಿ? ಎಲ್ಲಿಟ್ಟೀದಿ? ಲ್ಯಾಪ್‌ಟಾಪಿನ ಲೋಹದ ಭಾಗಕ್ಕೆ ಬೆರಳು ಹಿಂಭಾಗ ಸವರಿದ್ರೆ ಜುಮ್ ಅಂತದೇನು?

ಕೋಟೆಬಾಗಿಲು, ಕಲಬುರಗಿ

ಒಡೆದು ಹದಿನೈದು ದಿನ ಆತ್ರಿ ಅಕ್ಕಾ. ಮಾಳಗಿ ಮ್ಯಾಲಿನ ಖೋಲಿ, ತಗಡಿನ ಹೊದಿಕಿ. ಜುಮ್ ಅಂತದ್ರಿ, ಚಾರ್ಜರ್ ಹಾಕಿದಾಗ ಅಷ್ಟೇ.

ಮಾಂಜ್ರಾದಂಡಿ, ಬೀದರ್

ಮೊದಲು ಚಾರ್ಜರ್ ಮಾತು. ಮೈಗೆ ಎಲೆಕ್ಟ್ರೋಡ್ ಹಚ್ಚಿದಾಗ ಚಾರ್ಜರ್ ಗೋಡೆಯಿಂದ ಕಿತ್ತು ಇಟ್ಟಿರಬೇಕು. ಬರೀ ಬ್ಯಾಟರಿ ಮೇಲೆ ನಡೆಸು. ಇದು ಹಮ್‌ಗೋಸ್ಕರ ಹೇಳ್ತಿಲ್ಲ, ನಿನ್ನ ಜೀವಕ್ಕೋಸ್ಕರ ಹೇಳ್ತೀನಿ. ಆಸ್ಪತ್ರೆಯ ಯಂತ್ರದಲ್ಲಿ ರೋಗಿಯ ಕಡೆಯ ಸರ್ಕ್ಯೂಟನ್ನು ಮೇನ್ಸ್‌ನಿಂದ ಬೇರ್ಪಡಿಸಿರ್ತಾರ. ನಿನ್ನ ಉನೊದಲ್ಲಿ ಆ ಬೇಲಿ ಇಲ್ಲ. ಜುಮ್ ಅಂತದ ಅಂದ್ರ ನಿನ್ನ ಚಾರ್ಜರ್ ಅರ್ಥಿಂಗ್ ಕಂಡಿಲ್ಲ. ಎರಡು ಪಿನ್ನಿನದಿರಬೇಕು, ಇಲ್ಲಾ ಸಾಕೆಟ್ಟಿನ ಮೇಲಿನ ತೂತಿಗೆ ವೈರೇ ಕಟ್ಟಿರಲಿಕ್ಕಿಲ್ಲ. ಕಟ್ಟಿದ್ರೂ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿದ್ರ ಅದು ಹೆಸರಿಗಷ್ಟೇ. ನಮ್ಮ ವಾರ್ಡಿನ ಗುಂಡಿಗೆ ಮಾರ್ಚ್ ಬಂತಂದ್ರ ನೀರು ಹಾಕಿಸ್ತೀನಿ.

ಇನ್ನು ಎಲೆಕ್ಟ್ರೋಡ್. ಹೊಸದೊಂದು, ನಿನ್ನದೊಂದು ಅಕ್ಕಪಕ್ಕ ಇಟ್ಟು ನಡುವಿನ ಜೆಲ್ ಒತ್ತಿ ನೋಡು. ಹೊಸದು ತಣ್ಣಗೆ, ಬೆರಳಿಗೆ ಅಂಟಿ ಮೆತ್ತಗೆ ಕುಗ್ತದ. ತಗಡಿನ ಕೆಳಗೆ ಹದಿನೈದು ದಿನ ಬಾಯಿ ತೆರೆದು ಇದ್ದದ್ದು ಬಾಳೆಎಲೆ ಮೇಲೆ ಒಣಗಿದ ಗಂಜಿಯ ಹಾಂಗ ಗಟ್ಟಿ ಆಗಿರ್ತದ, ಅಂಚು ಎದ್ದಿರ್ತದ. ಎಲೆಕ್ಟ್ರೋಡಿನ ಬೆಳ್ಳಿ-ಬೆಳ್ಳಿ ಕ್ಲೋರೈಡ್ ಪದರ ಎಷ್ಟು ಚಲೋ ಇದ್ರೂ, ಚರ್ಮಕ್ಕೂ ಅದಕ್ಕೂ ನಡುವೆ ಹಸಿ ಉಪ್ಪಿನಂಶ ಇಲ್ಲಂದ್ರ ಸಿಗ್ನಲ್ ದಾಟಂಗಿಲ್ಲ. 1903ರಲ್ಲಿ ಐಂಥೋವನ್ ತಮ್ಮ ಗ್ಯಾಲ್ವನೋಮೀಟರ್ ಇಟ್ಟುಕೊಂಡು ಇಸಿಜಿ ತೆಗೆಯುವ ಕಾಲಕ್ಕೆ ರೋಗಿಯ ಎರಡು ಕೈ, ಒಂದು ಕಾಲು ಉಪ್ಪುನೀರಿನ ಪಾತ್ರೆಯೊಳಗ ಇಡಿಸ್ತಿದ್ರು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತಿನ ಆ ಹನಿ ಜೆಲ್ ಅದೇ ಉಪ್ಪುನೀರಿನ ಪಾತ್ರೆ.

ಎರಡು ಎಲೆಕ್ಟ್ರೋಡಿನಲ್ಲಿ ಒಂದು ಒಣಗಿ ಒಂದು ಹಸಿ ಇದ್ರ ಇನ್ನೂ ಕಷ್ಟ. ಹಮ್ ಎರಡೂ ಕಡೆ ಸಮ ಬಂದ್ರ ಆಂಪ್ಲಿಫೈಯರ್ ಅದನ್ನ ಕಳೆದುಹಾಕ್ತದ. ಒಂದು ಕಡೆ ತಡೆ ಹೆಚ್ಚಾದ್ರ ಸಮ ಇರಂಗಿಲ್ಲ, ಹಮ್ ಇಸಿಜಿ ವೇಷದಲ್ಲಿ ಒಳಗ ಬರ್ತದ. ಆ ಗೆರೆ ತೂಗಾಡೋದೂ ಬೆವರು, ಅಂಚು ಎದ್ದದ್ದು, ಉಸಿರಿಗೆ ಎದೆ ಏರಿಳಿಯೋದು, ಇಷ್ಟರಿಂದಲೇ.

ಹೊಸ ಪಾಕೀಟು ತಗೋ. ಒಡೆದ ಮೇಲೆ ಬಾಯಿ ಮಡಚಿ ಡಬ್ಬಿಯಲ್ಲಿ ಹಾಕಿ ಕೆಳಗಿನ ಮನೆಯಲ್ಲಿಡು. ಹಚ್ಚುವ ಜಾಗ ಸೋಪುನೀರಿನ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಸ್ವಲ್ಪ ತಿಕ್ಕಿ ಹಚ್ಚು. ಕೊಬ್ಬರಿ ಎಣ್ಣೆ ಹಚ್ಚಿದ ಮೈಗೆ ಹಚ್ಚಬೇಡ. ಮೂರನೇ ಎಲೆಕ್ಟ್ರೋಡ್, ಬಲಗಾಲಿಂದು, ಅದರ ಮೇಲೆ ಕಾಳಜಿ ಇರಲಿ. ಮಾಡ್ಯೂಲಿನ ಚಿಪ್ ಅದರ ಮುಖಾಂತರನೇ ಮೈಗೆ ಹಮ್‌ನ ವಿರುದ್ಧ ಸಿಗ್ನಲ್ ಕೊಡ್ತದ.

ಅಲೆಗಣಿತ, ಕಲಬುರಗಿ

ಅಕ್ಕಾವರು ಹೇಳಿದ್ದು ಪೂರಾ ಸರಿ. ಇನ್ವರ್ಟರ್ ಬಗ್ಗೆ ನಾನು ಒಂದು ಸೇರಿಸುತ್ತೇನೆ. ಗ್ರಿಡ್ಡಿನ ಆವರ್ತನವನ್ನು ನಮ್ಮ ದೇಶದಲ್ಲಿ 49.90ರಿಂದ 50.05ರ ಒಳಗೆ ಇಡಬೇಕೆಂಬ ನಿಯಮ ಇದೆ. ಮನೆಯ ಅಗ್ಗದ ಇನ್ವರ್ಟರಿಗೆ ಅಂಥ ಕಟ್ಟುಪಾಡಿಲ್ಲ. ನಿನ್ನ ನಾಚ್‌ನ ಕ್ಯೂ (ಎಷ್ಟು ಕಿರಿದು ಅನ್ನುವ ಅಂಕಿ) 30 ಇದ್ದರೆ ಅದರ ಅಗಲ 1.7 ಹರ್ಟ್ಜ್ ಅಷ್ಟೇ. ಇನ್ವರ್ಟರ್ 51.5ರಲ್ಲಿ ಓಡಿದರೂ ಹಮ್ ಹೊರಗೆ ಉಳಿಯುತ್ತೆ. ಎಫ್‌ಎಫ್‌ಟಿ ತೆಗೆದು ನೋಡು, ಎಲ್ಲಿ ನಿಂತಿದೆ ಗೊತ್ತಾಗುತ್ತೆ. ಆದರೆ ಫಿಲ್ಟರ್ ಅಗಲ ಮಾಡಲು ಹೋಗಬೇಡ. ನಾಡಿ ಎಣಿಸುವ ಭಾಗಕ್ಕೆ 5ರಿಂದ 15 ಹರ್ಟ್ಜ್ ಸಾಕು, ಅಲ್ಲಿ ಹಮ್ ಬರುವುದೇ ಇಲ್ಲ. ಗೈಡಿಗೆ ತೋರಿಸುವ ಗೆರೆ ಮಾತ್ರ ಕರೆಂಟ್ ಇದ್ದಾಗ ತೆಗೆದಿಟ್ಟುಕೋ.

ಕೋಟೆಬಾಗಿಲು, ಕಲಬುರಗಿ

ಇನ್ವರ್ಟರ್ ಮ್ಯಾಲ 51.8 ಬಂತು ಸರ್. ಅಕ್ಕಾ, ಹೊಸ ಎಲೆಕ್ಟ್ರೋಡ್ ಹಚ್ಚಿ ಚಾರ್ಜರ್ ಕಿತ್ತ ಮ್ಯಾಲ ನಾಚ್ ಇಲ್ಲದೇನೇ ಪಿ, ಟಿ ಅಲೆ ಎರಡೂ ಕಾಣಸ್ತಾವ.

ಒಂದು ಕೇಳ್ಬೇಕಿತ್ತು. ಅಪ್ಪ ದಾಲ್ ಮಿಲ್ಲಿನಾಗ ಕೆಲಸ. ನಿನ್ನೆ ಅವರಿಗೂ ಹಚ್ಚಿದೆ. ಆರ್ ಹಿಂದ ಬರೋ ಎಸ್ ತಗ್ಗು ಆದ ಮ್ಯಾಲ ಗೆರಿ ಸ್ವಲ್ಪ ಕೆಳಗ ಇಳದಾಂಗ ಕಾಣಸ್ತದ. ಪುಸ್ತಕದಾಗ ಅದು ಹೃದಯಕ್ಕ ರಕ್ತ ಕಡಿಮಿ ಆದ ಲಕ್ಷಣ ಅಂತ ಅದ. ರಾತ್ರಿ ನಿದ್ದಿ ಬರಲಿಲ್ರಿ.

ಮಾಂಜ್ರಾದಂಡಿ, ಬೀದರ್

ತಮ್ಮಾ, ಆ ಗೆರೆಯಿಂದ ಅದನ್ನ ಹೇಳಲಿಕ್ಕೆ ಬರಂಗಿಲ್ಲ. ನಿನ್ನ ಬೋರ್ಡು 0.5 ಹರ್ಟ್ಜ್‌ಗಿಂತ ಕೆಳಗಿನದನ್ನೂ 40ಕ್ಕಿಂತ ಮೇಲಿನದನ್ನೂ ಕಡಿದುಹಾಕ್ತದ. ರೋಗ ಹಿಡಿಯುವ ಯಂತ್ರ 0.05ರಿಂದ 150ರವರೆಗೆ ನೋಡಬೇಕು. ಎಸ್-ಟಿ ಭಾಗ ಅಂದ್ರ ನಿಧಾನದ ಭಾಗ. 0.5ರಲ್ಲಿ ಕಡಿದ್ರ ಚಲೋ ಹೃದಯದ ಗೆರೆನೂ ಇಳಿದಂತೆ ಕಾಣಬಹುದು, ಕೆಟ್ಟದ್ದೂ ಸರಿ ಕಾಣಬಹುದು. ಅದೂ ನಿನಗ ಇರೋದು ಒಂದೇ ಲೀಡ್ (ಹೃದಯವನ್ನ ನೋಡೋ ಒಂದು ಕೋನ). ಆಸ್ಪತ್ರೆಯಲ್ಲಿ 12 ನೋಡ್ತಾರ.

ಆದ್ರೂ ಅಪ್ಪನ್ನ ಒಮ್ಮೆ ಕರಕೊಂಡು ಹೋಗು. ನಿಮ್ಮೂರಾಗೇ ಜಯದೇವ ಹೃದ್ರೋಗ ಸಂಸ್ಥೆ ಅದ. ಎದಿ ಬಿಗಿ, ಎಡಗೈ ನೋವು, ತಣ್ಣಗ ಬೆವರು ಬಂದ್ರ ಇಲ್ಲಿ ಬರೆದು ಕೇಳುತ್ತಾ ಕೂಡಬೇಡ, ಆ ಕ್ಷಣ ಹೊರಡು.

ಕೋಟೆಬಾಗಿಲು, ಕಲಬುರಗಿ

ಅಪ್ಪನ್ನ ಇವತ್ತು ಆಸ್ಪತ್ರೆಗೆ ಕರಕೊಂಡು ಹೋಗಿದ್ದೆ. 12 ಲೀಡ್ ತೆಗೆದ್ರು. ಡಾಕ್ಟರ್ ನೋಡಿ ಏನೂ ತೊಂದರಿ ಇಲ್ಲ, ಬಿಪಿ ಮಾತ್ರ ತಿಂಗಳಿಗೊಮ್ಮೆ ನೋಡಿಸ್ರಿ ಅಂದ್ರು.

ಆ ಗುಲಾಬಿ ಕಾಗದ ಮನೀಗೆ ತಂದು ನೋಡಿದೆ. ಅಂಚಿನ ಮ್ಯಾಲ ಸಣ್ಣ ಅಕ್ಷರದಾಗ ಸೆಕೆಂಡಿಗೆ 25 ಮಿ.ಮೀ., ಮಿಲಿವೋಲ್ಟಿಗೆ 10 ಮಿ.ಮೀ., ಫಿಲ್ಟರ್ 50 ಹರ್ಟ್ಜ್ ಅಂತ ಅಚ್ಚಾಗ್ಯದ. ಒಂದು ಆರ್‌ನಿಂದ ಇನ್ನೊಂದಕ್ಕ 20 ಸಣ್ಣ ಮನಿ ಎಣಿಸಿದೆ, 0.8 ಸೆಕೆಂಡು, ನಿಮಿಷಕ್ಕ 75. ನನ್ನ ಹಳೇ ಫೈಲುಗಳೊಳಗ ಸ್ಯಾಂಪ್ಲಿಂಗ್ ಎಷ್ಟು ಅಂತ ಎಲ್ಲೂ ಬರದಿಲ್ಲ. ಈಗ ಪ್ರತಿ ಫೈಲಿನ ಮೊದಲ ಸಾಲಿನ್ಯಾಗ ಅಳೆದು ನೋಡಿದ ಸ್ಯಾಂಪ್ಲಿಂಗ್, ಬಾಡ್ ರೇಟ್, ಎಲೆಕ್ಟ್ರೋಡ್ ಒಡೆದ ತಾರೀಖು, ಕರೆಂಟೋ ಇನ್ವರ್ಟರೋ ಬರಿಯೋ ಹಾಂಗ ಕೋಡ್ ತಿದ್ದೀನಿ. ತಿದ್ದಿದ ಉನೊ ಕೋಡ್ ಕೆಳಗ ಲಗತ್ತಿಸೀನಿ, 9600 ಇಟ್ಟುಕೊಂಡವರು ಯಾರಾದ್ರೂ ಇದ್ರ ಅದರಿಂದ ಶುರು ಮಾಡ್ರಿ.