ಹೂಳೋ ಅವಸಾದವೋ? ಜರ್ಕಾನೋ ಗೋಮೇಧಿಕವೋ?

ದಾವಣಗೆರೆಯಿಂದ:

ಮಾನ್ಯರೆ, ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಒಂದು ಫಲಕವನ್ನು ಅನುವಾದಿಸುತ್ತಿದ್ದೇನೆ. ಹಿಮಾಲಯದ ನದಿಗಳು ಬಂಗಾಳಕೊಲ್ಲಿಯ ತಳಕ್ಕೆ ಹೊತ್ತು ಹಾಕಿದ ಮರಳಿನಲ್ಲಿ ಜರ್ಕಾನ್ ಹರಳುಗಳನ್ನು ಹೆಕ್ಕಿ, ಅವುಗಳ ವಯಸ್ಸು ಅಳೆದು, ಬೆಟ್ಟ ಎದ್ದ ಕಾಲವನ್ನು ಗುರುತಿಸುವ ವಿಷಯ. ‘ಅವಸಾದೀಯ ಗೋಮೇಧಿಕ ಕಾಲನಿರ್ಣಯದಿಂದ ಪರ್ವತೋತ್ಥಾನ ಶೋಧ’ ಎಂದು ಶೀರ್ಷಿಕೆ ಕೊಟ್ಟಿದ್ದೇನೆ. ಇಂಗ್ಲಿಷಿನ ‘ಸೆಡಿಮೆಂಟ್’ಗೆ ಅವಸಾದ, ಜರ್ಕಾನ್‌ಗೆ ಗೋಮೇಧಿಕ ಎಂದು ಇಟ್ಟುಕೊಂಡಿದ್ದೇನೆ. ಸರಿಯೇ? ನಾಳೆ ಮಧ್ಯಾಹ್ನದೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ಚಿತ್ರದುರ್ಗದಿಂದ:

ಸರಿಯಿಲ್ಲ.

‘ಅವಸಾದ’ ಎಂದರೆ ಬಳಲಿಕೆ, ಕುಗ್ಗುವಿಕೆ. ಅದನ್ನು ಓದಿ ಯಾರಿಗೂ ಮಣ್ಣು ನೆನಪಾಗುವುದಿಲ್ಲ. ಸೂಳೆಕೆರೆಯಲ್ಲಿ ತುಂಬಿಕೊಂಡಿರುವುದನ್ನು ಚನ್ನಗಿರಿಯ ರೈತರು ಏನೆಂದು ಕರೆಯುತ್ತಾರೆ? ಹೂಳು. ಹಳಗನ್ನಡದ ‘ಪೂೞ್’. ನಾಮಪದವೂ ಅದೇ, ಕ್ರಿಯಾಪದವೂ ಅದೇ. ನೀರು ತಂದು ಹಾಕಿದ್ದೂ ಹಾಕಿ ಮುಚ್ಚಿದ್ದೂ ಒಂದೇ ಧಾತುವಿನಲ್ಲಿ ಬಂದುಬಿಡುತ್ತವೆ. ಗಟ್ಟಿಯಾದ ಮೇಲೆ ‘ಹೂಳುಗಲ್ಲು’ ಎನ್ನಿ. ‘ಹೂಳುಶಿಲೆ’ ಬೇಡ, ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ.

ಗೋಮೇಧಿಕ ಶುದ್ಧ ತಪ್ಪು. ರಾಹುದೋಷಕ್ಕೆಂದು ಉಂಗುರದಲ್ಲಿ ಕೂರಿಸುವ ಆ ಕಲ್ಲು ಗಾರ್ನೆಟ್ ಜಾತಿಯದು. ಜರ್ಕಾನ್ ಎಂದರೆ ಜರ್ಕೋನಿಯಂ ಸಿಲಿಕೇಟ್. ಹರಳುಗಟ್ಟುವಾಗ ಅದು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಮುಂದೆ ಅದರಲ್ಲಿ ಸಿಗುವ ಸೀಸ ಯುರೇನಿಯಂ ಕ್ಷಯಿಸಿ ಆದದ್ದು. ಯುರೇನಿಯಂ-238ರ ಅರ್ಧಾಯು, ಅಂದರೆ ಅದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, ಸುಮಾರು 447 ಕೋಟಿ ವರ್ಷ, ಗಡಿಯಾರವೆಂದರೆ ಅದು.

ಪದಕ್ಕಿಂತ ದೊಡ್ಡ ತಪ್ಪು ಅರ್ಥದಲ್ಲಿದೆ. ಆ ಗಡಿಯಾರ ಹೇಳುವುದು ಹರಳು ಹುಟ್ಟಿದ ಕಾಲವನ್ನು. ಅದರಿಂದ ಮರಳು ಯಾವ ಸೀಮೆಯ ಬಂಡೆಯದೆಂದು ತಿಳಿಯಬಹುದು, ಬೆಟ್ಟ ಎದ್ದದ್ದು ಯಾವಾಗ ಎಂದಲ್ಲ. ಬೆಟ್ಟ ಏಳುತ್ತಾ ಸವೆಯುವಾಗ ಆಳದ ಕಲ್ಲು ಮೇಲೆ ಬಂದು ತಣಿಯುತ್ತದೆ. ಯುರೇನಿಯಂ ಪರಮಾಣು ಒಡೆದಾಗ ಹರಳಿನೊಳಗೆ ಗೆರೆಯಂಥ ಗಾಯ ಉಳಿಯುತ್ತದೆ. ಅಪಟೈಟ್ ಎಂಬ ಇನ್ನೊಂದು ಖನಿಜದ ಹರಳಿನಲ್ಲಿ ಸುಮಾರು 110 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಿದ್ದರೆ ಆ ಗಾಯ ಮಾಯುತ್ತದೆ. ಜರ್ಕಾನ್‌ನ ಗೆರೆಗಳು ಇನ್ನೂ ಹೆಚ್ಚು ಬಿಸಿ ತಡೆಯುತ್ತವೆ. ಗೆರೆಗಳನ್ನು ಎಣಿಸಿದರೆ ತಣಿದ ಕಾಲ ಸಿಗುತ್ತದೆ. ತಣಿದ ಕಾಲಕ್ಕೂ ಹೂಳಾಗಿ ಕೂತ ಕಾಲಕ್ಕೂ ಅಂತರ ಕಡಿಮೆಯಿದ್ದಷ್ಟೂ ಬೆಟ್ಟ ಬೇಗ ಎದ್ದು ಸವೆದಿದೆ ಎಂದರ್ಥ. ಎರಡಕ್ಕೂ ‘ವಯಸ್ಸು’ ಎಂದು ಬರೆಯಬೇಡಿ. ‘ಹುಟ್ಟಿದ ಕಾಲ’, ‘ತಣಿದ ಕಾಲ’ ಎಂದು ಬೇರೆ ಮಾಡಿ.

ಶೀರ್ಷಿಕೆ: ‘ಹೂಳಿನ ಹರಳು ಹೇಳುವ ಬೆಟ್ಟವೆದ್ದ ಕಾಲ’.

ಹೊಳಲ್ಕೆರೆಯಿಂದ:

ಹೂಳು ಎಂದರೆ ಕೆರೆಯ ಕೆಸರು. ನಮ್ಮ ತಾಳ್ಯದಲ್ಲಿ ಉರುಟುಗಲ್ಲುಗಳೆಲ್ಲ ಬೆಸೆದುಕೊಂಡ ಪುರಾತನ ಬಂಡೆಯಿದೆ. ಅದನ್ನೂ ಹೂಳು ಎನ್ನುತ್ತೀರಾ? ಮಕ್ಕಳು ಪರೀಕ್ಷೆಯಲ್ಲಿ ಬರೆಯುವುದು ‘ಕಣಶಿಲೆ’. ಹೂಳುಗಲ್ಲು ಎಂದು ಬರೆದರೆ ಅಂಕ ಕೊಡುವವರು ಯಾರು? ಅರಿಸಮಾಸ ಬೇಡವೆನ್ನುವವರು ‘ಮಳೆಗಾಲ’ವನ್ನು ಏನು ಮಾಡುತ್ತೀರಿ? ಸಂಸ್ಕೃತ ಬೇಡ, ಜರ್ಕಾನ್ ಮಾತ್ರ ಇರಲಿ ಎನ್ನುವುದು ಯಾವ ನ್ಯಾಯ?

ಚಿತ್ರದುರ್ಗದಿಂದ:

ಮಳೆಗಾಲ ರೂಢಿ. ರೂಢಿಯ ಮುಂದೆ ಸೂತ್ರ ನಡೆಯದು. ಹಾಗೆಯೇ ಕಣಶಿಲೆಯೂ ರೂಢಿ, ಒಪ್ಪಿದೆ. ಅವಸಾದ ರೂಢಿಯಲ್ಲ. ಇನ್ನು ಜರ್ಕಾನ್: ನಿಘಂಟುಗಳು ಅದರ ಮೂಲವನ್ನು ಪಾರಸಿಯ ‘ಜರ್’, ಅಂದರೆ ಚಿನ್ನ, ಎನ್ನುತ್ತವೆ. ನಮ್ಮ ಸೀರೆಯ ಅಂಚಿನ ಜರಿಯೂ ಅಲ್ಲಿಂದಲೇ ಬಂದದ್ದು. ಇಲ್ಲದ ವಸ್ತುವಿಗೆ ಎರವಲು ತನ್ನಿ, ನನ್ನ ತಕರಾರಿಲ್ಲ. ಕೆರೆಯ ದಂಡೆಯಲ್ಲಿ ದಿನವೂ ಕೇಳುವ ಪದವನ್ನು ಅಟ್ಟಿ ಅವಸಾದವನ್ನು ಕೂರಿಸಿದರೆ ಸಹಿಸುವುದಿಲ್ಲ.

ದಾವಣಗೆರೆಯಿಂದ:

ಇಬ್ಬರಿಗೂ ನಮಸ್ಕಾರ. ಶೀರ್ಷಿಕೆಯಲ್ಲಿ ಹೂಳು, ಒಳಗೆ ಕಣಶಿಲೆ. ಅಪಟೈಟ್‌ಗೆ ಕನ್ನಡ ಪದ ಹುಡುಕಲೇ?

ಚಿತ್ರದುರ್ಗದಿಂದ:

ಬೇಡ. ಹಾಗೆಯೇ ಬರೆಯಿರಿ.