ಪದಚರ್ಚೆ: ‘ಅಶ್ವಶಕ್ತಿ’ಯಲ್ಲಿರುವುದು ಯಾವ ಶಕ್ತಿ?

ಬಳಗದ ಎಲ್ಲರಿಗೂ ಕಾಸರಗೋಡಿನಿಂದ ನಮಸ್ಕಾರ.

ನನ್ನ ಸೋದರಮಾವನ ಬಳಿ ಒಂದು ವಿಹಾರದ ಬೋಟು ಇದೆ. ಮನೆಮಂದಿಯನ್ನು ಕೂರಿಸಿಕೊಂಡು ಚಂದ್ರಗಿರಿ ಹೊಳೆಯಲ್ಲಿ ಅಳಿವೆಯವರೆಗೆ ಹೋಗಿಬರಲು ಇಟ್ಟುಕೊಂಡದ್ದು. ಅದರ ಡೀಸೆಲ್ ಎಂಜಿನ್ನಿನ ಕೈಪಿಡಿ ಇಂಗ್ಲಿಷಿನಲ್ಲಿದೆ, ಮಾವ ಓದಿದ್ದು ಕನ್ನಡ ಶಾಲೆಯಲ್ಲಿ. ಎಚ್‌ಪಿ (ಹಾರ್ಸ್‌ಪವರ್, ಅಂದರೆ ಅಶ್ವಶಕ್ತಿ) ಹೆಚ್ಚಿಸುವ ಅಧ್ಯಾಯವನ್ನು ನಾನೇ ಕನ್ನಡಕ್ಕೆ ತಂದುಕೊಟ್ಟೆ. ‘ಎಂಜಿನ್ನಿನ ಪೂರ್ಣ ಶಕ್ತಿ ಸಿಗಬೇಕಾದರೆ ತಕ್ಕ ಫ್ಯಾನ್ ಬೇಕು’ ಎಂದು ಅದರಲ್ಲಿ ಒಂದು ವಾಕ್ಯ. ಪ್ರೊಪೆಲ್ಲರಿಗೆ ನಮ್ಮ ಕಡೆಯ ಬೋಟಿನವರು ಫ್ಯಾನ್ ಎಂದೇ ಹೇಳುತ್ತಾರೆ. ಮಾವ ಅದನ್ನು ಓದಿ ಇನ್ನೂ ದೊಡ್ಡ ಫ್ಯಾನ್ ಹಾಕಿಸಿದರು. ಶಕ್ತಿ ಎಂದರೆ ನೀರನ್ನು ನೂಕುವ ಬಲ, ಎಲೆ ದೊಡ್ಡದಾದಷ್ಟೂ ನೂಕು ಹೆಚ್ಚು ಎಂಬುದು ಅವರ ಲೆಕ್ಕ.

ಮರುದಿನ ನಾನೂ ಜೊತೆಗಿದ್ದೆ. ಹಳೆಯ ಫ್ಯಾನಿನಲ್ಲಿ ಸಲೀಸಾಗಿ ನಿಮಿಷಕ್ಕೆ 2,800 ಸುತ್ತು ಮುಟ್ಟುತ್ತಿದ್ದ ಮೀಟರಿನ ಮುಳ್ಳು, ಥ್ರಾಟಲ್ (ಎಂಜಿನ್ನಿನ ವೇಗ ಏರಿಸುವ ಹಿಡಿ) ಕೊನೆಯವರೆಗೆ ತಳ್ಳಿದರೂ 2,200ರಲ್ಲಿ ನಿಂತು ನಡುಗುತ್ತಿತ್ತು. ಹಿಂಬದಿಯಲ್ಲಿ ಕಪ್ಪು ಹೊಗೆ. “ಶಕ್ತಿ ಹೆಚ್ಚಾಗಬೇಕಿತ್ತಲ್ಲ ಮಾರಾಯ, ನೀನೇ ಬರೆದದ್ದಲ್ಲವೇ?” ಎಂದು ಮಾವ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಶ್ವಶಕ್ತಿ ಎನ್ನಬೇಕಾದಲ್ಲಿ ಬರಿಯ ‘ಶಕ್ತಿ’ ಎಂದು ಬರೆದಿದ್ದೆ; ತಪ್ಪು ನನ್ನ ಆ ಪದದಲ್ಲಿತ್ತು ಎಂದೇ ನನ್ನ ನಂಬಿಕೆ. ಅಶ್ವಶಕ್ತಿ ಬಲವಲ್ಲ, ಕೆಲಸ ನಡೆಯುವ ದರ. ಜೇಮ್ಸ್ ವಾಟ್ ನಿಗದಿ ಮಾಡಿದ್ದು ನಿಮಿಷಕ್ಕೆ 33,000 ಅಡಿ-ಪೌಂಡ್ ಕೆಲಸ, ಈಗಿನ ಲೆಕ್ಕದಲ್ಲಿ ಸುಮಾರು 746 ವಾಟ್. ‘ನಿಮಿಷಕ್ಕೆ’ ಎಂಬುದೇ ಅದರ ಜೀವ. ಎಂಜಿನ್ನಿನ ದಂಡ ತಿರುಗುವ ಬಲವನ್ನೂ ಸುತ್ತಿನ ವೇಗವನ್ನೂ ಗುಣಿಸಿದಾಗ ಅಶ್ವಶಕ್ತಿ ಬರುತ್ತದೆ. ಹೊರೆ ಹೆಚ್ಚಾಗಿ ಸುತ್ತು ಕುಸಿದರೆ ಅಶ್ವಶಕ್ತಿಯೂ ಕುಸಿಯುತ್ತದೆ. ಮಾವನ ಬೋಟಿನಲ್ಲಿ ಆದದ್ದು ಇದೇ.

ಕರ್ನಾಟಕದ ವಿಜ್ಞಾನ ಪಠ್ಯಗಳಲ್ಲಿ ಬಲ, ಶಕ್ತಿ, ಸಾಮರ್ಥ್ಯ ಮೂರಕ್ಕೂ ಬೇರೆ ಬೇರೆ ಅರ್ಥವಿದೆ. ಸೌರಶಕ್ತಿಯಲ್ಲಿರುವ ಶಕ್ತಿಯೇ ಅಲ್ಲಿನ ಶಕ್ತಿ. ವಾಟ್‌ನಲ್ಲಿ ಅಳೆಯುವುದು ಸಾಮರ್ಥ್ಯವನ್ನು. ಆ ಲೆಕ್ಕದಲ್ಲಿ ‘ಅಶ್ವಸಾಮರ್ಥ್ಯ’ ಎನ್ನಬೇಕಿತ್ತು. ತಮಿಳರು ‘ಕುದಿರೈತ್ತಿರನ್’ ಎನ್ನುತ್ತಾರೆ. ತಿರನ್ ಎಂದರೆ ಸಾಮರ್ಥ್ಯವೇ. ನಮ್ಮ ಸುತ್ತಲಿನ ಮಲಯಾಳದಲ್ಲಿ ಮಾತ್ರ ನಮ್ಮಂತೆಯೇ ‘ಕುದಿರಶಕ್ತಿ’. ಹಾಗೆಂದು ಪದವನ್ನು ಬದಲಿಸಿ ಎನ್ನಲು ನನಗೆ ಮನಸ್ಸು ಬಾರದು. ಅಡಿಕೆ ತೋಟದವರೂ ಪತ್ರಿಕೆಯವರೂ ‘5 ಅಶ್ವಶಕ್ತಿಯ ಪಂಪ್‌ಸೆಟ್’ ಎಂದು ಎಷ್ಟೋ ಕಾಲದಿಂದ ಹೇಳುತ್ತಿದ್ದಾರೆ. ಪೂರ್ತಿ ‘ಅಶ್ವಶಕ್ತಿ’ ಎಂದರೆ ಯಾರೂ ಎಡವುವುದಿಲ್ಲ, ಬರಿಯ ‘ಶಕ್ತಿ’ ಎಂದಾಗಲೇ ತೊಡಕು.

ಕ್ರಿಯಾಪದದಲ್ಲೂ ಒಂದು ಸಂದೇಹವಿದೆ. ಟರ್ಬೊ ಎಂಬ ಗಾಳಿ ಒತ್ತುವ ಸಾಧನ ಜೋಡಿಸಿ ಹೆಚ್ಚು ಗಾಳಿಯನ್ನೂ ಅದಕ್ಕೆ ತಕ್ಕಷ್ಟು ಡೀಸೆಲನ್ನೂ ಒಳಗೆ ಬಿಟ್ಟರೆ ಎಂಜಿನ್ನಿನ ಅಶ್ವಶಕ್ತಿ ನಿಜಕ್ಕೂ ಹೆಚ್ಚುತ್ತದೆ. ಇರುವುದನ್ನು ಸರಿಯಾದ ಫ್ಯಾನಿನಿಂದ ನೀರಿಗೆ ಮುಟ್ಟಿಸುವುದು ಬೇರೆ. ಮೊದಲನೆಯದಕ್ಕೆ ‘ಹೆಚ್ಚಿಸು’, ಎರಡನೆಯದಕ್ಕೆ ‘ದಕ್ಕಿಸಿಕೊ’ ಎಂದು ಬಳಸಬಹುದೇ? ಹೆಚ್ಚಿದ್ದೆಲ್ಲ ವೇಗವಾಗಿ ದಕ್ಕುವುದೂ ಇಲ್ಲ. ನೀರನ್ನು ಸೀಳಿಕೊಂಡು ಸಾಗುವ ಭಾರದ ಬೋಟು ನೀರಿನ ಗೆರೆಯಲ್ಲಿ 25 ಅಡಿ ಉದ್ದವಿದ್ದರೆ ಸುಮಾರು 6.7 ನಾಟ್ (ಗಂಟೆಗೆ ಸುಮಾರು 12.4 ಕಿ.ಮೀ.) ಆದ ಮೇಲೆ ತಾನೇ ಎಬ್ಬಿಸಿದ ಅಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮುಂದೆ ಎಷ್ಟು ಎಚ್‌ಪಿ ಸುರಿದರೂ ಹಿಂಬದಿ ಇನ್ನಷ್ಟು ತಗ್ಗುತ್ತದೆ ಅಷ್ಟೇ. ಹಗುರವಾಗಿ ನೀರಿನ ಮೇಲೆ ಏರಿ ಓಡುವ ಬೋಟಿಗೆ ಈ ತಡೆಯಿಲ್ಲ. ಈ ಎರಡು ಬಗೆಯ ಬೋಟುಗಳಿಗೆ ಕರಾವಳಿಯ ಯಾವುದಾದರೂ ಊರಿನಲ್ಲಿ ಬೇರೆ ಬೇರೆ ಹೆಸರಿದೆಯೇ? ಮಲ್ಪೆ, ಗಂಗೊಳ್ಳಿ, ಕಾರವಾರದ ಕಡೆಯವರು ದಯವಿಟ್ಟು ತಿಳಿಸಬೇಕು.

ದಂಡ ತಿರುಗುವ ಬಲಕ್ಕೆ, ಅಂದರೆ ಇಂಗ್ಲಿಷಿನ ‘ಟಾರ್ಕ್’ಗೆ, ಸದ್ಯಕ್ಕೆ ‘ತಿರುಗುಬಲ’ ಎಂದು ಬರೆದುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದು ಬಳಕೆಯಲ್ಲಿದ್ದರೆ ಹೇಳಿ. ಹಳೆಯ ಫ್ಯಾನನ್ನೇ ಮತ್ತೆ ಹಾಕಿಸಿದ್ದಾಗಿದೆ. ಮಾವ ತಿದ್ದಿದ ಪ್ರತಿಗೆ ಕಾಯುತ್ತಿದ್ದಾರೆ.