ಹತ್ತು ವಾರದ ಮರಿಗೆ ರಕ್ತಭೇದಿ: ಮನೆಯಲ್ಲಿರುವ ಮಾತ್ರೆ ಕೊಡಬಹುದಾ?

ಪ್ರಶ್ನೆ (ಸೋಮವಾರಪೇಟೆ): ಡಾಕ್ಟ್ರೇ, ಲ್ಯಾಬ್ರಡಾರ್ ನಾಯಿಮರಿ, 4 ಕೆಜಿ. ನಿನ್ನೆಯಿಂದ ನೀರು ನೀರಾಗಿ ಭೇದಿ, ಇವತ್ತು ಲೋಳೆ ಜೊತೆ ರಕ್ತದ ಗೆರೆ. ತಿಣುಕ್ತಾ ಇದೆ, ಆದ್ರೆ ವಾಂತಿ ಇಲ್ಲ. ಮೊನ್ನೆ ಹಂದಿ ಕಡಿದಾಗ ಹಸಿ ಕರುಳು ತಿಂದಿತ್ತು. ಲಸಿಕೆ ಒಂದೇ ಆಗಿದೆ. ಮನೆಯಲ್ಲಿರೋ ಮೆಟ್ರೊನಿಡಜೋಲ್ (ಆ್ಯಂಟಿಬಯಾಟಿಕ್) ಅರ್ಧ ಮಾತ್ರೆ ಕೊಡ್ಲಾ?

ಪಶುವೈದ್ಯರು: ಬೇಡ. ಲಸಿಕೆ ಪೂರ್ತಿಯಾಗದ ಮರಿಗೆ ರಕ್ತಭೇದಿ ಅಂದ್ರೆ ಮೊದಲ ಅನುಮಾನ ಪಾರ್ವೊ ಅನ್ನೋ ವೈರಸ್ ರೋಗ. ವಾಂತಿ ಇಲ್ಲ ಅಂತ ಅದನ್ನು ಬಿಡೋಕಾಗಲ್ಲ. ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ ಮಲದ ಕಿಟ್ ಪರೀಕ್ಷೆ ಮಾಡಿಸಿ. ಅದೇ ಮಲದಲ್ಲಿ ಜಂತುಹುಳು, ಜಿಯಾರ್ಡಿಯಾ ಅನ್ನೋ ಸೂಕ್ಷ್ಮ ಪರಾವಲಂಬಿನೂ ಇದೆಯಾ ನೋಡ್ಲಿ.

ಹಸಿ ಕರುಳಿನಿಂದ ಬರೋದು ಹೆಚ್ಚಾಗಿ ಕ್ಯಾಂಪೈಲೋಬ್ಯಾಕ್ಟರ್, ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾಗಳು. ನೀವು ಹೇಳಿದ ಲೋಳೆ, ರಕ್ತ, ತಿಣುಕಾಟ ಮೊದಲನೆಯದಕ್ಕೆ ಹೊಂದುತ್ತೆ. ಅದಕ್ಕೆ ಔಷಧಿ ಬೇಕಾದರೆ ಅಜಿತ್ರೊಮೈಸಿನ್ ಅಥವಾ ಎರಿತ್ರೊಮೈಸಿನ್ ಥರದ್ದು, ಡೋಸ್ ತೂಕ ನೋಡಿ ವೈದ್ಯರೇ ಹೇಳಬೇಕು. ಸಾಲ್ಮೊನೆಲ್ಲಾ ಸಾಧಾರಣ ಭೇದಿಯಲ್ಲಿ ಆ್ಯಂಟಿಬಯಾಟಿಕ್ ಕೊಟ್ಟರೆ ರೋಗಾಣು ಮಲದಲ್ಲಿ ಹೋಗೋ ಅವಧಿ ಉದ್ದವಾಗಬಹುದು. ಇನ್ನೊಂದು ಮಾತು: ಆರೋಗ್ಯವಾಗಿರೋ ನಾಯಿಗಳ ಮಲದಲ್ಲೂ ಇವು ಸಿಗುತ್ತವೆ. ರಿಪೋರ್ಟಲ್ಲಿ ಹೆಸರು ಬಂದ ತಕ್ಷಣ ಅದೇ ಕಾರಣ ಅಂತಲ್ಲ.

ದಾರಿಯಲ್ಲಿ ಒಆರ್‌ಎಸ್ ಕೊಡಿ: ಒಂದು ಪ್ಯಾಕೆಟ್ 1 ಲೀಟರ್ ಕುದಿಸಿ ಆರಿಸಿದ ನೀರಿಗೆ, ಅರ್ಧ ಗಂಟೆಗೊಮ್ಮೆ 10–15 ಎಂಎಲ್, ಸಿರಿಂಜಿನಲ್ಲಿ ಕೆನ್ನೆಯ ಪಕ್ಕದಿಂದ. ವಾಂತಿ ಶುರುವಾದರೆ ನಿಲ್ಲಿಸಿ. ಮರಿಯನ್ನು ಉಪವಾಸ ಹಾಕಬೇಡಿ, ರಕ್ತದ ಸಕ್ಕರೆ ಇಳಿಯುತ್ತೆ. ಮೆತ್ತಗಿನ ಅನ್ನ, ಚರ್ಮ ತೆಗೆದು ಬೇಯಿಸಿದ ಕೋಳಿ, ಉಪ್ಪು-ಈರುಳ್ಳಿ ಇಲ್ಲದೆ, ಸ್ವಲ್ಪ ಸ್ವಲ್ಪ ಐದಾರು ಸಲ. ಹಾಲು ಬೇಡ.

ಒಸಡು ಬಿಳಿಚಿದರೆ, ಕುತ್ತಿಗೆ ಚರ್ಮ ಎಳೆದು ಬಿಟ್ಟಾಗ ನಿಂತೇ ಇದ್ದರೆ, ಜ್ವರ 103 ಡಿಗ್ರಿ ದಾಟಿದರೆ ಅಥವಾ ಮೈ 99ಕ್ಕಿಂತ ತಣ್ಣಗಾದರೆ ಒಂದು ಗಂಟೆಯೂ ಕಾಯಬೇಡಿ, ಡ್ರಿಪ್ ಬೇಕು.

ಪ್ರಶ್ನೆ (ಗೋಣಿಕೊಪ್ಪ): ಭೇದಿ ನಿಲ್ಲಿಸೋ ಲೋಪೆರಮೈಡ್ ಕೊಡಬಹುದಾ ಸರ್? ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ) ಮಕ್ಕಳು ಮರಿ ಜೊತೆ ಆಡ್ತಾರೆ, ಅಂಟುತ್ತಾ?

ಪಶುವೈದ್ಯರು: ಲೋಪೆರಮೈಡ್ ಬೇಡ, ಹೊರಗೆ ಹೋಗಬೇಕಾದ ವಿಷ ಕರುಳಲ್ಲೇ ಉಳಿಯುತ್ತೆ. ಹೌದು, ಕ್ಯಾಂಪೈಲೋಬ್ಯಾಕ್ಟರ್, ಸಾಲ್ಮೊನೆಲ್ಲಾ ಎರಡೂ ಮನುಷ್ಯರಿಗೆ ಅಂಟುತ್ತವೆ, ಪುಟ್ಟ ಮಕ್ಕಳನ್ನು ದೂರ ಇಡಿ. ಸೋಪು ಹಚ್ಚಿ ಕೈ ತೊಳೆಯಲೇಬೇಕು. ಬರೀ ಸ್ಯಾನಿಟೈಜರ್ ನೆಚ್ಚಬೇಡಿ, ಪಾರ್ವೊ ವೈರಸ್, ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಬೀಜಾಣು ಅದಕ್ಕೆ ಬಗ್ಗಲ್ಲ. ಗೂಡಿನ ಮಲ ಬಳಿದು, ಸೋಪಲ್ಲಿ ತೊಳೆದು, ಆಮೇಲೆ ಒಂದು ಪಾಲು ಬ್ಲೀಚ್ ದ್ರವಕ್ಕೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಯಲು ಬಿಡಿ. ಕೊಳೆ ಇರುವಾಗಲೇ ಬ್ಲೀಚ್ ಸುರಿದರೆ ವ್ಯರ್ಥ. ಕಕ್ಕಡ ತಿಂಗಳ ಮಳೆಯಲ್ಲಿ ಗೂಡು ಒಣಗೋದೇ ಕಷ್ಟ, ಹಾಸಿದ ಗೋಣಿಚೀಲ ಸುಟ್ಟುಬಿಡಿ.